ಸಂಕ್ರಾಂತಿ ಜಾರಿದ್ದೂ ಸಹಾರಾ ಒಣಗಿದ್ದೂ ಒಂದೇ ಕಾರಣಕ್ಕೆ

ಎಳ್ಳು-ಬೆಲ್ಲ ಹಂಚುವಾಗ ಎಲ್ಲರೂ ಹೇಳೋದು ಒಂದೇ ಮಾತು. ಇವತ್ತಿಂದ ಉತ್ತರಾಯಣ, ಸೂರ್ಯ ಉತ್ತರಕ್ಕೆ ತಿರುಗಿದ ಅಂತ. ನಿಜ ಹೇಳಬೇಕಂದ್ರೆ ಅಷ್ಟೊತ್ತಿಗೆ ಸೂರ್ಯ ತಿರುಗಿ ಮೂರು ವಾರದ ಮೇಲಾಗಿರುತ್ತದೆ. ವರ್ಷದಲ್ಲೇ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ಕ್ಕೆ. ಅದಾದ ಮೇಲೆ ಸೂರ್ಯ ಹುಟ್ಟುವ ಜಾಗ ದಿನಾ ಚೂರು ಚೂರೇ ಉತ್ತರಕ್ಕೆ ಸರಿಯುತ್ತದೆ. ನಾವು ಹಬ್ಬ ಮಾಡೋದು ಜನವರಿ 14ಕ್ಕೆ, ಕೆಲವು ವರ್ಷ 15ಕ್ಕೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಆಮೇಲೆ ಹಬ್ಬ ನಿಧಾನಕ್ಕೆ ಜಾರಿತು, ಈಗಲೂ ಜಾರುತ್ತಲೇ ಇದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅವತ್ತು ಮಕರ ಸಂಕ್ರಾಂತಿ. ಅವರ ಜಯಂತಿ ಜನವರಿ 12ಕ್ಕೇ ಉಳಿದಿದೆ, ಸಂಕ್ರಾಂತಿ ಎರಡು ಮೂರು ದಿನ ಮುಂದೆ ಹೋಗಿಬಿಟ್ಟಿದೆ. (ಇದರಲ್ಲಿ ಒಂದು ದಿನ, 1900ರ ಫೆಬ್ರವರಿಯಲ್ಲಿ 29ನೇ ತಾರೀಖು ಇರಲಿಲ್ಲ ಅನ್ನೋ ಕ್ಯಾಲೆಂಡರ್ ಲೆಕ್ಕದ್ದು. ಉಳಿದದ್ದು ಭೂಮಿಯದ್ದು.)

ಭೂಮಿಯ ಅಕ್ಷ ಒಂದೇ ಕಡೆ ಮುಖ ಮಾಡಿ ನಿಂತಿಲ್ಲ. ಬುಗುರಿಯ ವೇಗ ಇಳಿಯುವಾಗ ಅದರ ತಲೆ ಓಲಾಡಿಕೊಂಡು ಸುತ್ತು ಹಾಕುತ್ತದಲ್ಲ, ಹಾಗೇ ಭೂಮಿಯ ಅಕ್ಷವೂ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಸೂರ್ಯನ ಜಾಗ ಗುರುತಿಸುತ್ತದೆ. ಚಳಿ, ಬೇಸಿಗೆ ಬರೋದು ಅಕ್ಷ ಎತ್ತ ವಾಲಿದೆ ಅನ್ನೋದರ ಮೇಲೆ. ಈ ಎರಡು ಲೆಕ್ಕಕ್ಕೂ ವರ್ಷಕ್ಕೆ 20 ನಿಮಿಷದ ವ್ಯತ್ಯಾಸ. ಕೇಳೋಕೆ ಏನೂ ಅಲ್ಲ, ಆದರೆ 70 ಚಿಲ್ಲರೆ ವರ್ಷಕ್ಕೆ ಒಂದು ದಿನ ಆಗುತ್ತದೆ. ಪಂಚಾಂಗ ಬರೆಯುವವರಿಗೆ ಇದು ಚೆನ್ನಾಗಿಯೇ ಗೊತ್ತು, ಅಯನಾಂಶ ಅಂತ ಅವರು ಹಾಕುವುದು ಈ ಜಾರಿದ ಲೆಕ್ಕವನ್ನೇ. ಈಗ ಅದು ಹತ್ತಿರ ಹತ್ತಿರ 24 ಡಿಗ್ರಿ. ಹಗಲು ರಾತ್ರಿ ಸಮ ಇರುವ ಮಾರ್ಚ್ 21 ಬಿಟ್ಟು ತುಳುನಾಡಿನ ಬಿಸು ಏಪ್ರಿಲ್ 14ರ ಹೊತ್ತಿಗೆ ಬರೋದೂ ಇದರಿಂದಲೇ.

ಇದನ್ನು ಯಾಕೆ ಇಷ್ಟುದ್ದ ಹೇಳಿದೆ ಅಂದ್ರೆ, ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು "ಅಯ್ಯೋ, ಹವಾಮಾನ ಹಿಂದೆಯೂ ಬದಲಾಗಿತ್ತು ಬಿಡ್ರಿ, ಎಲ್ಲಾ ಪ್ರಕೃತಿ" ಅಂತ ಹೇಳಿ ಚಹಾ ಮುಗಿಸಿ ಎದ್ದು ಹೋಗ್ತಾರೆ. ಬದಲಾಗಿತ್ತು ಅನ್ನೋದು ನೂರಕ್ಕೆ ನೂರು ಸರಿ. ನನ್ನ ತಕರಾರು ಒಂದೇ, ಅಲ್ಲಿಗೇ ಯಾಕೆ ನಿಲ್ಲಿಸ್ತೀರಿ? ಪ್ರಕೃತಿ ಸುಮ್ಸುಮ್ನೆ ಏನೂ ಮಾಡಲ್ಲ. ಒಂದೊಂದು ಬದಲಾವಣೆಗೂ ಒಂದು ಕಾರಣ ಇತ್ತು, ಪ್ರತಿ ಕಾರಣವೂ ತನ್ನದೇ ವೇಗದಲ್ಲಿ ಕೆಲಸ ಮಾಡಿತ್ತು. ಆ ವೇಗ ಗೊತ್ತಾದರೆ ಅರ್ಧ ವಾದ ಅಲ್ಲೇ ಮುಗಿಯುತ್ತೆ.

ಸರಿ, ಅಕ್ಷ ಓಲಾಡಿದರೆ ಮಳೆಗೇನಾಯಿತು? ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಗೆ ಅತಿ ಹತ್ತಿರ ಇರುತ್ತೇವೆ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅತಿ ದೂರ, 15.2 ಕೋಟಿ. ಈ 50 ಲಕ್ಷ ಕಿಲೋಮೀಟರಿನಿಂದ ಬಿಸಿಲಿನಲ್ಲಿ ನೂರಕ್ಕೆ ಏಳರಷ್ಟು ಹೆಚ್ಚುಕಡಿಮೆ ಆಗುತ್ತೆ. ಈಗ ಉತ್ತರ ಗೋಳದ ಬೇಸಿಗೆ ಬೀಳೋದು ನಾವು ದೂರ ಇರುವಾಗ. ಸುಮಾರು 11,000 ವರ್ಷದ ಹಿಂದೆ ಅಕ್ಷ ಇನ್ನೊಂದು ಕಡೆ ವಾಲಿತ್ತು, ಹಾಗಾಗಿ ಬೇಸಿಗೆ ಬೀಳುತ್ತಿದ್ದದ್ದು ಹತ್ತಿರ ಇರುವಾಗ. ಏಷ್ಯಾ, ಆಫ್ರಿಕಾದ ನೆಲ ಈಗಿನದಕ್ಕಿಂತ ಜಾಸ್ತಿ ಕಾಯುತ್ತಿತ್ತು, ಕಾದ ನೆಲ ಕಡಲಿನ ಗಾಳಿಯನ್ನು ಜೋರಾಗಿ ಎಳೆಯುತ್ತಿತ್ತು, ಮುಂಗಾರು ಬಲವಾಗಿತ್ತು.

ಇದು ಬರೀ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. ಅರಬ್ಬಿ ಸಮುದ್ರದ ತಳದ ಕೆಸರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳಿವೆ. ಅವುಗಳಲ್ಲಿ ಒಂದು ಜಾತಿ, ಮುಂಗಾರಿನ ಗಾಳಿ ಜೋರಾಗಿ ಬೀಸಿ ತಳದ ತಣ್ಣೀರು ಮೇಲೆ ಬಂದಾಗ ಹೆಚ್ಚು ಬೆಳೆಯುತ್ತದೆ. ಆ ಕಾಲದ ಪದರದಲ್ಲಿ ಅದೇ ಚಿಪ್ಪು ಜಾಸ್ತಿ. ಇನ್ನೂ ದೊಡ್ಡ ಸಾಕ್ಷಿ ಸಹಾರಾದಲ್ಲಿದೆ. ಆಗ ಅಲ್ಲಿ ಹುಲ್ಲುಗಾವಲಿತ್ತು, ಕೆರೆಗಳಿದ್ದವು, ನೀರುಕುದುರೆ, ಮೊಸಳೆ ಇದ್ದವು. ಅಲ್ಜೀರಿಯಾದ ತಸಿಲಿ ನಜ್ಜೇರ್ ಬಂಡೆಗಳ ಮೇಲೆ ಜನ ದನಗಳ ಹಿಂಡನ್ನು ಬರೆದಿಟ್ಟಿದ್ದಾರೆ, ಈಗ ಅಲ್ಲಿ ದನಕ್ಕೆ ಒಂದು ಹಿಡಿ ಹುಲ್ಲು ಹುಡುಕೋದು ಕಷ್ಟ. ಚಾಡ್ ಕೆರೆ ಒಂದು ಸಮುದ್ರದ ಥರ ಹರಡಿಕೊಂಡಿತ್ತು. ಅಕ್ಷ ಓಲಾಡುತ್ತಾ ಹೋದ ಹಾಗೆ ಬೇಸಿಗೆಯ ಬಿಸಿಲು ಇಳಿಯಿತು, ಮಳೆ ದಕ್ಷಿಣಕ್ಕೆ ಸರಿಯಿತು, 5,000 ವರ್ಷದ ಹಿಂದಿನ ಹೊತ್ತಿಗೆ ಸಹಾರಾ ಒಣಗಿತು. ನಮ್ಮ ರಾಜಸ್ಥಾನದ ಲೂಣಕರಣಸರ್, ಡೀಡವಾನಾ ಕೆರೆಗಳ ತಳದಲ್ಲೂ ಇದೇ ಥರದ ಕತೆ ಇದೆ, ಒಂದು ಕಾಲಕ್ಕೆ ತುಂಬಿದ್ದವು ಆಮೇಲೆ ಬತ್ತಿದವು. ಸಂಕ್ರಾಂತಿಯನ್ನು ಡಿಸೆಂಬರಿನಿಂದ ಜನವರಿಗೆ ತಳ್ಳಿದ ಓಲಾಟವೇ ಇದು.

ಮೇಘಾಲಯದ ಸೋಹ್ರಾ ಹತ್ತಿರ ಮಾವ್‌ಮ್ಲೂಹ್ ಅಂತ ಸುಣ್ಣಕಲ್ಲಿನ ಗುಹೆ ಇದೆ. ಮೇಲಿಂದ ತೊಟ್ಟಿಕ್ಕುವ ನೀರಿನ ಸುಣ್ಣ ನೆಲದ ಮೇಲೆ ಪದರ ಪದರವಾಗಿ ಕೂತು ಗಿಡ್ಡ ಕಂಬ ಎದ್ದಿರುತ್ತದೆ. ಪ್ರತಿ ಪದರದ ಆಕ್ಸಿಜನ್ ನೋಡಿ ಆ ಕಾಲದ ಮಳೆ ಹೇಗಿತ್ತು ಅಂತ ಅಂದಾಜು ಮಾಡಬಹುದು. ಸುಮಾರು 4,200 ವರ್ಷದ ಹಿಂದೆ ಮುಂಗಾರು ಸೊರಗಿದ್ದು ಆ ಕಲ್ಲಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದ್ರೆ, 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದ ಈಚಿನ ಕಾಲಕ್ಕೆ ಮೇಘಾಲಯನ್ ಅಂತಲೇ ಹೆಸರಿಟ್ಟರು. ನಾವೀಗ ಬದುಕ್ತಿರೋದು ಮೇಘಾಲಯನ್ ಯುಗದಲ್ಲಿ, ಎಷ್ಟು ಜನಕ್ಕೆ ಗೊತ್ತು? ಆ ಒಂದು ಬರ ಅಕ್ಷದ ಓಲಾಟವೊಂದರಿಂದಲೇ ಬಂದದ್ದಲ್ಲ, ಓಲಾಟಕ್ಕೆ ಅಷ್ಟು ಅವಸರ ಇಲ್ಲ. ಸಿಂಧೂ ಕಣಿವೆಯ ನಗರಗಳು ಬರಿದಾದದ್ದನ್ನೂ ಇದಕ್ಕೆ ಗಂಟು ಹಾಕುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಮಳೆ ಕೈಕೊಟ್ಟರೆ ಊರು ಬಡವಾಗುತ್ತದೆ, ಖಾಲಿಯಾಗೋಕೆ ಬೇರೆ ಕಾರಣಗಳೂ ಸೇರಬೇಕು.

ಈ ಓಲಾಟದ ಜೊತೆ ಇನ್ನೆರಡು ಚಲನೆ ಇವೆ. ಅಕ್ಷದ ಓರೆ 22.1ರಿಂದ 24.5 ಡಿಗ್ರಿ ನಡುವೆ ಹೋಗಿ ಬರುತ್ತದೆ, ಒಂದು ಸಲ ಹೋಗಿ ಬರೋಕೆ 41,000 ವರ್ಷ. ಭೂಮಿಯ ದಾರಿ ಒಮ್ಮೆ ದುಂಡಗೆ ಒಮ್ಮೆ ಮೊಟ್ಟೆಯಾಕಾರಕ್ಕೆ ತಿರುಗೋದು ಸುಮಾರು ಲಕ್ಷ ವರ್ಷದ ಲೆಕ್ಕ. ಇವು ಮೂರನ್ನೂ ಸೇರಿಸಿ ಕೈಯಲ್ಲೇ ಲೆಕ್ಕ ಹಾಕಿದವರು ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್. 1914ರಲ್ಲಿ, ಮದುವೆಯಾದ ಹೊಸತರಲ್ಲಿ, ಹೆಂಡತಿ ಜೊತೆ ಹುಟ್ಟೂರಿಗೆ ಹೋಗಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಊರು ಆಸ್ಟ್ರಿಯಾ-ಹಂಗೇರಿಯ ಕೈಯಲ್ಲಿತ್ತು, ಇವರು ಸರ್ಬಿಯಾದವರು ಅಂತ ಹಿಡಿದು ಒಳಗೆ ಹಾಕಿದರು. ಆಮೇಲೆ ಬುಡಾಪೆಸ್ಟಿನಲ್ಲಿ ಇರಬಹುದು, ಊರು ಬಿಡಬಾರದು ಅಂತ ಷರತ್ತು ಹಾಕಿ ಬಿಟ್ಟರು. ಯುದ್ಧ ಮುಗಿಯುವ ತನಕ ಈ ಮನುಷ್ಯ ಅಲ್ಲಿನ ವಿಜ್ಞಾನ ಅಕಾಡೆಮಿಯ ಲೈಬ್ರರಿಯಲ್ಲಿ ಕೂತು ಲೆಕ್ಕ ಹಾಕಿದ್ದೇ ಹಾಕಿದ್ದು. ಕ್ಯಾಲ್ಕುಲೇಟರ್ ಇಲ್ಲ, ಕಂಪ್ಯೂಟರ್ ಇಲ್ಲ, ಲಕ್ಷಗಟ್ಟಲೆ ವರ್ಷದ ಬಿಸಿಲಿನ ಲೆಕ್ಕ!

ಅವರ ವಾದ ಇಷ್ಟು. ಹಿಮಯುಗ ಬರೋಕೆ ಚಳಿಗಾಲ ಕಠಿಣ ಆಗಬೇಕಿಲ್ಲ, ಬೇಸಿಗೆ ಸಪ್ಪೆಯಾದರೆ ಸಾಕು. ಕೆನಡಾ, ಸ್ವೀಡನ್ ಕಡೆ, 65 ಡಿಗ್ರಿ ಉತ್ತರದ ಆಸುಪಾಸಿನಲ್ಲಿ, ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗದಿದ್ದರೆ ಮುಂದಿನ ವರ್ಷದ ಹಿಮ ಅದರ ಮೇಲೆ ಕೂರುತ್ತದೆ. ಬಿಳಿ ನೆಲ ಬಿಸಿಲನ್ನು ವಾಪಸ್ ಎಸೆಯುತ್ತದೆ, ಇನ್ನಷ್ಟು ತಣ್ಣಗಾಗುತ್ತದೆ. ಸಾವಿರಾರು ವರ್ಷದಲ್ಲಿ ಅದು ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ. ಅವರು ಬದುಕಿದ್ದಾಗ ಇದನ್ನು ಒಪ್ಪಿದವರಿಗಿಂತ ಒಪ್ಪದವರೇ ಜಾಸ್ತಿ. 1958ರಲ್ಲಿ ತೀರಿಕೊಂಡರು. 1976ರಲ್ಲಿ ಹೇಯ್ಸ್, ಇಂಬ್ರಿ, ಶಾಕಲ್ಟನ್ ಅಂತ ಮೂವರು ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ತೆಗೆದ ಕೆಸರಿನ ಉದ್ದುದ್ದ ಕಂಬಗಳನ್ನು ಓದಿ, ಹಿಮಯುಗಗಳು ಈ ಮೂರು ಚಲನೆಗಳ ತಾಳಕ್ಕೇ ಬಂದು ಹೋಗಿವೆ ಅಂತ ತೋರಿಸಿದರು.

ಒಂದು ವಿಷಯ ಇಲ್ಲಿ ಬಿಡಬಾರದು. ಬರೀ ಬಿಸಿಲಿನ ಏರಿಳಿತ ಅಷ್ಟು ದೊಡ್ಡ ಹಿಮಯುಗಕ್ಕೆ ಸಾಲದು. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡ ಗಾಳಿಗುಳ್ಳೆಗಳಲ್ಲಿ 8 ಲಕ್ಷ ವರ್ಷದ ಗಾಳಿ ಸಿಕ್ಕಿದೆ. ಹಿಮಯುಗದಲ್ಲಿ ಗಾಳಿಯ ಹತ್ತು ಲಕ್ಷ ಕಣದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 180, ನಡುವಿನ ಬೆಚ್ಚಗಿನ ಕಾಲದಲ್ಲಿ 280ರ ಆಸುಪಾಸು. ಕಡಲು ತಣ್ಣಗಾದಾಗ ಅದನ್ನು ನುಂಗುತ್ತದೆ, ಬಿಸಿಯಾದಾಗ ಬಿಡುತ್ತದೆ. ಅಂದರೆ ಬಿಸಿಲು ಚಾಲನೆ ಕೊಟ್ಟಿತು, ಈ ಅನಿಲ ಅದನ್ನು ದೊಡ್ಡದು ಮಾಡಿತು. ಕೆಲವರು ಈ ಅಂಶವನ್ನೇ ಹಿಡ್ಕೊಂಡು "ನೋಡಿ, ಮೊದಲು ಬಿಸಿ ಏರಿತು, ಆಮೇಲೆ ಕಾರ್ಬನ್ ಏರಿತು, ಹಾಗಾದ್ರೆ ಕಾರ್ಬನ್ ಕಾರಣ ಅಲ್ಲ" ಅಂತಾರೆ. ಆಗ ಕಲ್ಲಿದ್ದಲು ಅಗೆದು ಸುಡುವವರು ಯಾರೂ ಇರಲಿಲ್ಲ, ಅಲ್ವಾ? ಮೊದಲು ಬರೋಕೆ ಅದಕ್ಕೆ ದಾರಿಯೇ ಇರಲಿಲ್ಲ.

ಕೊನೆಯ ಹಿಮಯುಗ ತುದಿ ಮುಟ್ಟಿದ್ದು ಸುಮಾರು 21,000 ವರ್ಷದ ಹಿಂದೆ. ನೀರೆಲ್ಲ ಮಂಜಾಗಿ ನೆಲದ ಮೇಲೆ ಕೂತಿದ್ದರಿಂದ ಕಡಲು ಈಗಿಗಿಂತ 120 ಮೀಟರಿಗೂ ಹೆಚ್ಚು ಕೆಳಗಿತ್ತು. ಮಂಗಳೂರು, ಕಾರವಾರದಲ್ಲಿ ಕಡಲು ನೋಡಬೇಕಂದ್ರೆ ಹತ್ತಾರು ಕಿಲೋಮೀಟರ್ ಪಡುವಣಕ್ಕೆ ನಡೆಯಬೇಕಿತ್ತು. ಇಲ್ಲಿ ಹಿಮ ಬೀಳಲಿಲ್ಲ, ಆದರೆ ಮುಂಗಾರು ಬಡವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಆನೆಗಳ ವಿಷಯಕ್ಕೆ ನಮಗೆಲ್ಲ ಗೊತ್ತಿರುವವರು, ತಮ್ಮ ಜೊತೆಗಾರರ ಸಂಗಡ ನೀಲಗಿರಿಯ ಜೌಗಿನಲ್ಲಿ ಕೊಳೆತ ಗಿಡಗಳ ಕಪ್ಪು ಪದರಗಳನ್ನು ತೆಗೆದು ನೋಡಿದ್ದರು. 1993ರಲ್ಲಿ ಅದು ಪ್ರಕಟವಾಯಿತು. ಒಣ ಹವೆಗೆ ಒಗ್ಗುವ ಹುಲ್ಲಿನ ಕಾರ್ಬನ್ನಿಗೂ ಕಾಡಿನ ಗಿಡಮರಗಳ ಕಾರ್ಬನ್ನಿಗೂ ಗುರುತು ಬೇರೆ ಬೇರೆ. ಹಿಮಯುಗದ ಪದರದಲ್ಲಿ ಹುಲ್ಲಿನ ಗುರುತು ಎದ್ದು ಕಾಣುತ್ತದೆ, ಸುಮಾರು 11,000 ವರ್ಷದ ಹಿಂದಿನ ಪದರಕ್ಕೆ ಬಂದರೆ ಮಳೆ ಹೆಚ್ಚಾದ ಗುರುತು. ಸಹಾರಾ ಹಸಿರಾಗಿದ್ದ ಅದೇ ಹೊತ್ತು, ಗಮನಿಸಿ.

ಇನ್ನೂ ಹಿಂದಕ್ಕೆ ಹೋದರೆ ಲೆಕ್ಕ ಕೋಟಿಗೆ ಏರುತ್ತೆ. ಒಡಿಶಾದ ತಾಲ್ಚೇರ್‌ನಲ್ಲಿ 1856ರಲ್ಲಿ ವಿಲಿಯಂ ಮತ್ತು ಹೆನ್ರಿ ಬ್ಲಾನ್‌ಫರ್ಡ್ ಅನ್ನೋ ಅಣ್ಣತಮ್ಮಂದಿರು ಕಲ್ಲಿದ್ದಲು ಹುಡುಕುವಾಗ ನುಣುಪು ಮಣ್ಣಿನ ನಡುವೆ ದೊಡ್ಡ ದೊಡ್ಡ ಬಂಡೆ ಹುದುಗಿರೋದನ್ನ ನೋಡಿದರು. ಹೊಳೆ ನೀರು ನುಣುಪು ಮಣ್ಣನ್ನೂ ಆಳೆತ್ತರದ ಬಂಡೆಯನ್ನೂ ಒಟ್ಟಿಗೆ ತಂದು ಹಾಕಲ್ಲ. ಮಂಜುಗಡ್ಡೆ ಹಾಕುತ್ತೆ. ಒಡಿಶಾದ ಉರಿಬಿಸಿಲಲ್ಲಿ ನಿಂತು ಇಲ್ಲಿ ಮಂಜುಗಡ್ಡೆ ಇತ್ತು ಅನ್ನೋಕೆ ಧೈರ್ಯ ಬೇಕು, ಅವರು ಹೇಳಿದರು. ಹೇಳಿದ್ದು ಸರಿಯೇ. ಸುಮಾರು 30 ಕೋಟಿ ವರ್ಷದ ಹಿಂದೆ ಈ ನೆಲ ದಕ್ಷಿಣ ಧ್ರುವದ ಕಡೆ ಇತ್ತು, ಗೊಂಡ್ವಾನಾ ಅನ್ನೋ ಹಳೇ ಮಹಾಖಂಡದ ಒಂದು ತುಂಡಾಗಿ. ನೆಲವೇ ಜಾಗ ಬದಲಾಯಿಸಿದರೆ ಹವಾಮಾನ ಬದಲಾಗದೆ ಇನ್ನೇನು. ತಮ್ಮ ಹೆನ್ರಿಯ ಹೆಸರು ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರ್ತಾರೆ.

ನಮ್ಮ ವಿಜಯಪುರದ ಕಡೆ ಎರೆಹೊಲ ಬೇಸಿಗೆಯಲ್ಲಿ ಬಿರಿದರೆ ಮೊಣಕೈ ತನಕ ಇಳಿಯುವಷ್ಟು ಬಿರುಕು ಬೀಳುತ್ತೆ. ಮಳೆ ಬಿದ್ದರೆ ಅದೇ ಮಣ್ಣು ಚಪ್ಪಲಿ ಕಿತ್ಕೊಳ್ಳುತ್ತೆ. ಹಿಂಗಾರಿಯಲ್ಲಿ ಒಳಗಿನ ತೇವದ ಮೇಲೇ ಬಿಳಿಜೋಳ ಬೆಳೆದುಬಿಡುತ್ತದೆ. ಈ ಮಣ್ಣು ಒಂದು ಕಾಲದಲ್ಲಿ ಲಾವಾ. 6.6 ಕೋಟಿ ವರ್ಷದ ಹಿಂದೆ ಮಹಾರಾಷ್ಟ್ರದಿಂದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ತನಕ ನೆಲ ಬಾಯಿಬಿಟ್ಟು ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು, ಪದರ ಪದರವಾಗಿ ಕೂತಿತು. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿದೆ. ಗೋಲಗುಮ್ಮಟದ ಕಪ್ಪು ಕಲ್ಲೂ ಅದೇ. ಲಾವಾದ ಜೊತೆ ಬಂದ ಅನಿಲಗಳು ಆಗಿನ ಹವಾಮಾನವನ್ನು ಅಲ್ಲೋಲಕಲ್ಲೋಲ ಮಾಡಿದವು. ಡೈನೋಸಾರ್ ಕತೆ ಮುಗಿಸಿದ್ದು ಮೆಕ್ಸಿಕೋದ ಹತ್ತಿರ ಬಿದ್ದ ಆಕಾಶದ ಬಂಡೆಯೋ ಇದೋ ಅಂತ ಜಗಳ ನಡೆದೇ ಇದೆ, ಬಂಡೆಯ ಪಕ್ಷ ಬಲವಾಗಿದೆ.

ನನಗೆ ಇಷ್ಟ ಆಗೋದು ಆಮೇಲಿನ ಭಾಗ. ಕಾರ್ಬನ್ ಉಗುಳಿದ ಕಲ್ಲೇ ನಿಧಾನಕ್ಕೆ ಅದನ್ನು ವಾಪಸ್ ನುಂಗಿತು. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಂಡು ಚೂರು ಹುಳಿಯಾಗುತ್ತದೆ, ಕಲ್ಲನ್ನು ತಿನ್ನುತ್ತದೆ, ಕ್ಯಾಲ್ಸಿಯಂ ಹೊಳೆಯಲ್ಲಿ ಹರಿದು ಕಡಲು ಸೇರಿ ಚಿಪ್ಪಾಗಿ ಸುಣ್ಣಕಲ್ಲಾಗಿ ತಳ ಸೇರುತ್ತದೆ. ಕಾರ್ಬನ್ ಅದರೊಳಗೆ ಬಂದಿ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಹೋಗಿ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳಲು ಶುರುವಾದ ಮೇಲೆ ಹೊಸ ಹೊಸ ಬಂಡೆ ಮಳೆಗೆ ಒಡ್ಡಿಕೊಂಡು ಈ ಕೆಲಸ ಜೋರಾಯಿತು, ಅದರಿಂದಲೇ ಭೂಮಿ ತಣ್ಣಗಾಗುತ್ತಾ ಬಂತು ಅನ್ನೋದು ಒಂದು ವಾದ. 3.4 ಕೋಟಿ ವರ್ಷದ ಹಿಂದೆ ಅಂಟಾರ್ಕ್ಟಿಕಾ ಮಂಜು ಹೊದ್ದುಕೊಂಡಿತು. ಕಾರ್ಬನ್ನನ್ನು ನುಂಗಿ ಹಾಕುವ ಈ ಪ್ರಕೃತಿಯ ವ್ಯವಸ್ಥೆ ಸೊಗಸಾಗಿದೆ, ತೊಂದರೆ ಏನಂದ್ರೆ ಅದಕ್ಕೆ ಲಕ್ಷಾಂತರ ವರ್ಷ ಬೇಕು.

ಈಗ ಬೇಗ ಕೆಲಸ ಮಾಡುವವರ ಕಡೆ ಬರೋಣ. ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ, ಹಿಂದೆ ಕರ್ನೂಲು ಜಿಲ್ಲೆ, ಜ್ವಾಲಾಪುರಂ ಅಂತ ಹಳ್ಳಿ. ಅಲ್ಲಿ ನೆಲ ಅಗೆದರೆ ಕೆಂಪು-ಕಂದು ಮಣ್ಣಿನ ನಡುವೆ ಬಿಳಿಚು ಬೂದಿಯ ಪದರ, ಕೆಲವು ಕಡೆ ಆಳೆತ್ತರಕ್ಕೂ ಹೆಚ್ಚು ದಪ್ಪ. ಇಂಡೊನೇಷ್ಯಾದ ಸುಮಾತ್ರಾದಲ್ಲಿ ಟೋಬಾ ಜ್ವಾಲಾಮುಖಿ ಸಿಡಿದಾಗ ಹಾರಿ ಬಂದದ್ದು, ಸುಮಾರು 74,000 ವರ್ಷದ ಹಿಂದೆ, ಎರಡೂವರೆ ಸಾವಿರ ಕಿಲೋಮೀಟರಿಗೂ ದೂರದಿಂದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡದವರು ಅಲ್ಲಿ ಅಗೆದರು, 2007ರಲ್ಲಿ ಬರೆದರು. ಬೂದಿಯ ಕೆಳಗೆ ಕಲ್ಲಿನ ಆಯುಧ ಸಿಕ್ಕವು. ಬೂದಿಯ ಮೇಲೂ ಸಿಕ್ಕವು, ಹೆಚ್ಚುಕಡಿಮೆ ಅದೇ ಥರದವು. ಟೋಬಾದಿಂದ ಮನುಷ್ಯಕುಲವೇ ಅಳಿಸಿಹೋಗುವ ಹಂತಕ್ಕೆ ಬಂದಿತ್ತು ಅನ್ನೋ ಮಾತು ಆಗ ಜೋರಾಗಿತ್ತು. ಜ್ವಾಲಾಪುರಂನ ಜನ ಅಷ್ಟು ಬೂದಿ ಬಿದ್ದ ಮೇಲೂ ಅಲ್ಲೇ ಕಲ್ಲು ಕೆತ್ತುತ್ತಾ ಇದ್ದಂತೆ ಕಾಣುತ್ತೆ. ಇದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ, ನಾನು ಜ್ವಾಲಾಪುರಂ ಜನರ ಪರ.

ಜ್ವಾಲಾಮುಖಿ ಭೂಮಿಯನ್ನು ತಂಪು ಮಾಡೋದು ಬೂದಿಯಿಂದ ಅಲ್ಲ. ಬೂದಿ ದಿನಗಳಲ್ಲಿ, ವಾರಗಳಲ್ಲಿ ಕೆಳಗೆ ಬಿದ್ದುಬಿಡುತ್ತೆ. ಕೆಲಸ ಮಾಡೋದು ಗಂಧಕದ ಅನಿಲ. ಅದು ಮೋಡಗಳಿಗಿಂತ ಮೇಲೆ ಹೋಗಿ ಸಣ್ಣ ಹನಿಗಳಾಗಿ ಹರಡಿ ಬಿಸಿಲನ್ನು ತಡೆಯುತ್ತದೆ. ಮಳೆ ಇಲ್ಲದ ಎತ್ತರ ಅದು, ತೊಳೆದು ಹಾಕೋಕೆ ಏನೂ ಇಲ್ಲ. ಹಾಗಾಗಿ ಒಂದೆರಡು ವರ್ಷ ಅಲ್ಲೇ ಉಳಿಯುತ್ತೆ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಮರುವರ್ಷ ಯುರೋಪಿಗೆ, ಅಮೆರಿಕದ ಈಶಾನ್ಯಕ್ಕೆ ಬೇಸಿಗೆಯೇ ಬರಲಿಲ್ಲ, ಜೂನ್‌ನಲ್ಲಿ ಹಿಮ ಬಿತ್ತು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಇಡೀ ಭೂಮಿ ಅರ್ಧ ಡಿಗ್ರಿಯಷ್ಟು ತಣ್ಣಗಾಯಿತು, ನಾಲ್ಕೈದು ವರ್ಷದೊಳಗೆ ಮತ್ತೆ ಮೊದಲಿನಂತಾಯಿತು. ಜ್ವಾಲಾಮುಖಿಗಳೂ ಕಾರ್ಬನ್ ಬಿಡುತ್ತವಲ್ಲ ಅಂತ ಕೇಳುವವರಿಗೆ, ಹೌದು ಬಿಡುತ್ತವೆ. ಈಗ ವರ್ಷಕ್ಕೆ ನಾವು ಬಿಡೋದರಲ್ಲಿ ಅದು ನೂರರಲ್ಲಿ ಒಂದು ಪಾಲಿನ ಆಸುಪಾಸು.

ಸೂರ್ಯನ ವಿಷಯ ಬೇಗ ಮುಗಿಸುತ್ತೇನೆ, ಯಾಕಂದ್ರೆ ಅದು ಕೇಳಿಸುವಷ್ಟು ದೊಡ್ಡದಲ್ಲ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಜೊತೆಗೆ ಬಿಸಿಲೂ ಹೆಚ್ಚುಕಡಿಮೆ ಆಗುತ್ತೆ, ಸಾವಿರಕ್ಕೆ ಒಂದು ಪಾಲು. 1645ರಿಂದ 1715ರ ತನಕ ಕಲೆಗಳೇ ಹೆಚ್ಚುಕಡಿಮೆ ಕಾಣಲಿಲ್ಲ, ಯುರೋಪಿನಲ್ಲಿ ಚಳಿಗಾಲಗಳು ಕಠಿಣವಾಗಿದ್ದವು, ಆದರೆ ಅದರಲ್ಲಿ ಜ್ವಾಲಾಮುಖಿಗಳ ಪಾಲೂ ಇದೆ. 1877ರಲ್ಲಿ, ಮದ್ರಾಸ್ ಸೀಮೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ, ಲಂಡನ್ನಿನ ಖಗೋಳ ವಿಜ್ಞಾನಿ ನಾರ್ಮನ್ ಲಾಕ್ಯರ್ ಮತ್ತು ಇಂಡಿಯಾ ಸರ್ಕಾರದ ಅಧಿಕಾರಿ ವಿಲಿಯಂ ಹಂಟರ್ ಬರಗಾಲಕ್ಕೂ ಸೂರ್ಯನ ಕಲೆಗೂ ನಂಟಿದೆ ಅಂತ ಬರೆದರು. ಕೊಡೈಕೆನಾಲಿನ ಸೂರ್ಯ ವೀಕ್ಷಣಾಲಯ ಕಟ್ಟೋದರ ಹಿಂದೆ, ಸೂರ್ಯನನ್ನು ನೋಡಿ ಮಳೆ ಹೇಳಬಹುದೇನೋ ಅನ್ನೋ ಆಸೆಯೂ ಇತ್ತು. ಆ ಆಸೆ ಫಲಿಸಲಿಲ್ಲ. ಆದರೆ ನೂರು ವರ್ಷಕ್ಕೂ ಮೀರಿದ ಸೂರ್ಯನ ಚಿತ್ರಗಳು ನಮಗೆ ಸಿಕ್ಕವು, ಈಗ ಅದನ್ನು ನೋಡಿಕೊಳ್ಳೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಆ ಬರ. ಹಳೆ ಮೈಸೂರಿನ ಹಿರಿಯರು ಧಾತು ಈಶ್ವರ ಬರ ಅಂತಿದ್ದರು, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದು, 1876ರಿಂದ 1878. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ. ಹತ್ತು ವರ್ಷ ಬಿಟ್ಟು ಎಣಿಸಿದಾಗ ಸುಮಾರು 42 ಲಕ್ಷ. ಜನ ಹೆಚ್ಚಬೇಕಾದ ಹತ್ತು ವರ್ಷದಲ್ಲಿ ಎಂಟು ಲಕ್ಷ ಕಡಿಮೆ! ಇದಕ್ಕೆ ಕಾರಣ ಸೂರ್ಯನಲ್ಲಿ ಇರಲಿಲ್ಲ, ಪೆಸಿಫಿಕ್ ಸಾಗರದಲ್ಲಿತ್ತು. ಸಾಮಾನ್ಯವಾಗಿ ಅಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ ಬೆಚ್ಚಗಿನ ನೀರನ್ನು ಇಂಡೊನೇಷ್ಯಾ ಕಡೆ ಒತ್ತಿಟ್ಟಿರುತ್ತದೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಆ ಗಾಳಿ ಸೋಲುತ್ತದೆ, ಬಿಸಿನೀರು ಪೆರು ದೇಶದ ಕಡೆ ಹರಿದು ಬರುತ್ತದೆ. ಅದೇ ಎಲ್ ನಿನೋ. ಮೋಡ ಏಳುವ ಜಾಗವೇ ಸರಿದುಹೋದ ಮೇಲೆ ನಮ್ಮ ಮುಂಗಾರು ಸೊರಗುತ್ತದೆ. 1877ರ ಎಲ್ ನಿನೋ ದಾಖಲೆಯಲ್ಲೇ ದೊಡ್ಡವುಗಳಲ್ಲಿ ಒಂದು. ಆದರೆ ಮಳೆ ಹೋದದ್ದು ಪ್ರಕೃತಿಯಿಂದ, ಜನ ಸತ್ತದ್ದು ಬರೀ ಪ್ರಕೃತಿಯಿಂದ ಅಲ್ಲ. ಅದೇ ವರ್ಷಗಳಲ್ಲಿ ಇಂಡಿಯಾದಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಬರಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಒಂದು ಪೌಂಡ್ ಅಂದರೆ ಅರ್ಧ ಕೇಜಿಯೂ ಇಲ್ಲ. ಅದನ್ನು ತಿಂದು ದಿನವಿಡೀ ಮಣ್ಣು ಹೊರಬೇಕು.

ಈ ಹೊತ್ತಿಗೆ ಹವಾಮಾನ ಇಲಾಖೆ ಆಗ ತಾನೇ ಶುರುವಾಗಿತ್ತು, 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಅದೇ ಹೆನ್ರಿ ಬ್ಲಾನ್‌ಫರ್ಡ್, ತಾಲ್ಚೇರ್‌ನಲ್ಲಿ ಮಂಜುಗಡ್ಡೆ ಕಂಡಿದ್ದವರು. ಬರ ಆದ ಮೇಲೆ ಮುಂಗಾರನ್ನು ಮೊದಲೇ ಹೇಳಿ ಅಂತ ಸರ್ಕಾರ ಕೇಳಿತು, ಅವರು ಹಿಮಾಲಯದ ಹಿಮ ನೋಡಿ ಹೇಳೋಕೆ ನೋಡಿದರು. 30 ಕೋಟಿ ವರ್ಷದ ಹವಾಮಾನ ಓದಿದ ಮನುಷ್ಯನಿಗೆ ಮೂರು ತಿಂಗಳ ಹವಾಮಾನ ಹೇಳೋದು ಅದಕ್ಕಿಂತ ಕಷ್ಟ ಆಯ್ತು. 1904ರಲ್ಲಿ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಗಣಿತದವರು, ಹವಾಮಾನ ಓದಿದವರಲ್ಲ. ಲೋಕದ ಎಲ್ಲ ಕಡೆಯ ಗಾಳಿಯ ಒತ್ತಡದ ಅಂಕಿಗಳನ್ನು ಗುಮಾಸ್ತರ ಕೈಲಿ ಲೆಕ್ಕ ಹಾಕಿಸಿ, ಪೆಸಿಫಿಕ್‌ನಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಅಂತ ಕಂಡುಹಿಡಿದರು. ಅದಕ್ಕೂ ಕಡಲಿನ ಬಿಸಿನೀರಿಗೂ ಗಂಟು ಹಾಕಿದ್ದು 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್.

ಆಮೇಲೂ ಒಂದು ಒಗಟು ಉಳಿದಿತ್ತು. 1997ರಲ್ಲಿ ಆ ಶತಮಾನದ ದೊಡ್ಡ ಎಲ್ ನಿನೋ ಬಂತು, ಎಲ್ಲರೂ ಬರಕ್ಕೆ ತಯಾರಾದರು, ಮುಂಗಾರು ನೋಡಿದರೆ ಸರಾಸರಿಗಿಂತ ಚೂರು ಜಾಸ್ತಿಯೇ ಸುರಿಯಿತು. 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಈ ನಾಲ್ವರು ಹಿಂದೂ ಮಹಾಸಾಗರದ್ದೇ ಒಂದು ಆಟವನ್ನು ಬರೆದರು. ಇವರಲ್ಲಿ ಗೋಸ್ವಾಮಿ, ವಿನಯಚಂದ್ರನ್ ಇಬ್ಬರೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಆಫ್ರಿಕಾ ಕಡೆಯ ನೀರು ಬೆಚ್ಚಗಾಗಿ ಸುಮಾತ್ರಾ ಕಡೆಯ ನೀರು ತಣ್ಣಗಾದರೆ ನಮ್ಮ ಮುಂಗಾರಿಗೆ ಬಲ ಬರುತ್ತದೆ, ಎಲ್ ನಿನೋದ ಏಟು ತಗ್ಗುತ್ತದೆ. 1997ರಲ್ಲಿ ಆದದ್ದು ಅದು. ಅದೇ ಹೊತ್ತಿಗೆ ಪೂರ್ವ ಆಫ್ರಿಕಾದಲ್ಲಿ ಪ್ರವಾಹ. ಪ್ರತಿ ಸಲವೂ ಹೀಗೆ ಕಾಪಾಡುತ್ತೆ ಅಂತೇನಿಲ್ಲ. 2023ರಲ್ಲೂ ಎಲ್ ನಿನೋ ಇತ್ತು, ಹಿಂದೂ ಮಹಾಸಾಗರ ನೆರವಿಗೆ ಬಂದದ್ದು ತಡವಾಗಿ. ಆಗಸ್ಟ್ ಪೂರ್ತಿ ಒಣಗಿ ಹೋಯಿತು, 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟದ್ದು, ಟ್ಯಾಂಕರಿಗೆ ಕಾದದ್ದು ನಿಮಗೇ ನೆನಪಿರುತ್ತೆ.

ಈಗ "ಎಲ್ಲಾ ಪ್ರಕೃತಿ" ಅಂತ ಚಹಾ ಮುಗಿಸಿ ಎದ್ದು ಹೋದ ಆ ಮನುಷ್ಯರನ್ನು ವಾಪಸ್ ಕೂರಿಸಿ ಕೇಳಬಹುದು, ಯಾವ ಪ್ರಕೃತಿ ಅಂತ. ಅಕ್ಷದ ಓಲಾಟವೇ? ಅದರ ಲೆಕ್ಕದ ಪ್ರಕಾರ ಕಳೆದ ಕೆಲವು ಸಾವಿರ ವರ್ಷದಿಂದ ಉತ್ತರದ ಬೇಸಿಗೆ ತಣ್ಣಗಾಗುತ್ತಾ ಬರಬೇಕು, ಬರುತ್ತಲೂ ಇತ್ತು. ಹಿಮಯುಗ ಮುಗಿದು ಐದಾರು ಡಿಗ್ರಿ ಏರೋಕೆ ಸುಮಾರು 10,000 ವರ್ಷ ಹಿಡಿಯಿತು, ನಾವು ಒಂದು ಡಿಗ್ರಿಗೂ ಹೆಚ್ಚು ಏರಿಸಿದ್ದು ಸುಮಾರು ನೂರು ವರ್ಷದಲ್ಲಿ. ಸೂರ್ಯನೇ? 1980ರ ದಶಕದಿಂದ ಬಿಸಿಲು ಏರಿಲ್ಲ. ಸೂರ್ಯನಿಂದಲೇ ಆಗಿದ್ದರೆ ಗಾಳಿಯ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಅಳೆದು ನೋಡಿದರೆ ಅದು ತಣ್ಣಗಾಗಿದೆ, ಕೆಳಗಿನದು ಮಾತ್ರ ಬಿಸಿಯಾಗಿದೆ. ಕಾರ್ಬನ್ ಡೈಆಕ್ಸೈಡ್ ಮಾಡೋದು ಹಾಗೆಯೇ. ಜ್ವಾಲಾಮುಖಿ? ಅದು ತಂಪು ಮಾಡುತ್ತೆ. 280 ಇದ್ದ ಕಾರ್ಬನ್ ಲೆಕ್ಕ ಈಗ 420 ದಾಟಿದೆ, 8 ಲಕ್ಷ ವರ್ಷದ ಗಾಳಿಗುಳ್ಳೆಗಳಲ್ಲಿ ಒಂದರಲ್ಲೂ ಆ ಅಂಕಿ ಸಿಕ್ಕಿಲ್ಲ.

ಉಳಿದದ್ದು ಎಲ್ ನಿನೋ. 2024 ದಾಖಲೆಯ ಬಿಸಿ ವರ್ಷವಾದಾಗ ಅದಕ್ಕೆಲ್ಲ ಎಲ್ ನಿನೋ ಕಾರಣ ಅಂದವರು ಬಹಳ ಜನ. ಅದರ ಪಾಲು ಇತ್ತು, ಒಪ್ಪುತ್ತೇನೆ. ಎಲ್ ನಿನೋ ವರ್ಷದಲ್ಲಿ ಭೂಮಿ ಚೂರು ಬಿಸಿ, ಅದರ ಉಲ್ಟಾ ಲಾ ನಿನಾ ವರ್ಷದಲ್ಲಿ ಚೂರು ತಂಪು. ಆದರೆ ಒಂದು ಸಲ ಅಂಕಿ ತೆಗೆದು ನೋಡಿ. 1997ರ ಎಲ್ ನಿನೋದ ಬೆನ್ನಿಗೆ ಬಂದ 1998 ಆಗ ದಾಖಲೆಯ ಬಿಸಿ ವರ್ಷ, ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. 2021 ಮತ್ತು 2022 ಎರಡೂ ಲಾ ನಿನಾ ವರ್ಷ, ತಂಪಾಗಿರಬೇಕಾದವು. ಎರಡೂ 1998ಕ್ಕಿಂತ ಬಿಸಿ.